'ಸರ್ವೋ ಟೈಪ್' ಅಂದ್ರೆ ಸರ್ವೋ ಅಲ್ಲ, ಹುಷಾರು

ಹೇಳೋಕೆ ನಾಚಿಕೆ. ಆದ್ರೂ ಹೇಳುತ್ತೇನೆ, ನನಗೆ ಮೀನಿನ ಮಷೀನು ಮಾರಿದ ಮನುಷ್ಯ ಈಗ ಹೊನ್ನಾವರ, ಭಟ್ಕಳ ಕಡೆ ತಿರುಗುತ್ತಿದ್ದಾನಂತೆ.

ಬಂಗಡೆ ತಲೆ ಕತ್ತರಿಸುವ ಮಷೀನು, 4.8 ಲಕ್ಷ. ಅಂಕೋಲಾ ಹತ್ತಿರ ನಮ್ಮದೊಂದು ಸಣ್ಣ ಶೆಡ್ಡು, ಮೀನು ಕಾರವಾರದ ಬೈತಖೋಲದಿಂದ ಬರುತ್ತದೆ. ಮಷೀನಿನ ಬೆಲ್ಟಿನಲ್ಲಿ ಸೆನ್ಸರ್ ಮೀನಿನ ಉದ್ದ ಅಳೆಯುತ್ತದೆ, ಮೋಟಾರು ಬ್ಲೇಡನ್ನು ಅಷ್ಟಕ್ಕೆ ಸರಿಸುತ್ತದೆ. "ಎಲ್ಲ ಸರ್ವೋ ಸರ್, ಕೂದಲೆಳೆ ಆಚೀಚೆ ಆಗಲ್ಲ" ಅಂದಿದ್ದ. ಸರ್ವೋ ಅಂದ್ರೆ ತಾನು ಎಲ್ಲಿದ್ದೇನೆ ಅಂತ ನೋಡಿಕೊಳ್ಳುತ್ತಾ ತಿರುಗುವ ಮೋಟಾರು.

ಡೆಮೋ ಕೊಟ್ಟಿದ್ದು ಜುಲೈಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್ ಅಂತ ಅವನಿಗೂ ಗೊತ್ತಲ್ವಾ? ಕೋಲ್ಡ್ ಸ್ಟೋರೇಜಿನ ಬಂಗಡೆ ತಾನೇ ತಂದಿದ್ದ. ಕಲ್ಲಿನ ಹಾಗೆ ಗಟ್ಟಿ, ಎಲ್ಲ ಒಂದೇ ಅಳತೆ. ಟಕ್ ಟಕ್ ಟಕ್. ನಾನು ವಿಡಿಯೋ ಮಾಡಿ ನೆಂಟರಿಗೆಲ್ಲ ಕಳಿಸಿದೆ. ಒಂದೇ ಅಳತೆಯ ಮೀನಿಗೆ ಸೆನ್ಸರ್ ಅಳೆಯೋದೇನಿದೆ? ಆಗ ಹೊಳೆಯಲೇ ಇಲ್ಲ!

ಆಗಸ್ಟಿನಲ್ಲಿ ತಾಜಾ ಮೀನು ಬಂತು. ಮೆತ್ತಗೆ, ಜಾರುತ್ತದೆ, ದೊಡ್ಡದು ಚಿಕ್ಕದು ಬೆರಕೆ. ಒಂದು ಮೀನು ಅಡ್ಡ ಸಿಕ್ಕಿತು, ಗರ್ರ್ ಅಂದು ಮತ್ತೆ ಓಡಿತು. ಅಲ್ಲಿಂದ ತಲೆ ಜೊತೆ ಒಂದಿಂಚು ಮಾಂಸವೂ ಬಕೆಟಿಗೆ. ಆಫ್ ಮಾಡಿ ಆನ್ ಮಾಡಿದ್ರೆ ಸರಿ. ಅರ್ಧ ಗಂಟೆಗೆ ಮತ್ತೆ ಅದೇ ಕಥೆ.

ಅಕ್ಕನ ಮಗ ಎಲೆಕ್ಟ್ರಿಷಿಯನ್. ಹಿಂದಿನ ಕವರ್ ಬಿಚ್ಚಿ ಟಾರ್ಚ್ ಹಿಡಿದವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಮಾವಾ, ಇದಕ್ಕೆ ನಾಲ್ಕೇ ವೈರು. ಮೋಟಾರಿನ ಜಾಗ ಅಳೆಯುವ ಎನ್‌ಕೋಡರಿನ ಕೇಬಲ್ಲೇ ಇಲ್ಲ. ಇದು ಬರೀ ಸ್ಟೆಪ್ಪರ್, ಹೇಳಿದಷ್ಟು ಹೆಜ್ಜೆ ಎಣಿಸಿ ತಿರುಗುವ ಮೋಟಾರು." ಮೋಟಾರಿನ ಮೇಲಿದ್ದ 'ಸರ್ವೋ' ಸ್ಟಿಕರನ್ನು ಉಗುರಿಂದ ಕೆರೆದ. ಸುಲಭವಾಗಿ ಎದ್ದು ಬಂತು. ಮೆಟ್ಟುಗತ್ತಿ ಮುಂದೆ ಕೂತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಷೀನಿಗೆ ಅವರ ಮುಂದೆಯೇ ಕಾಯಿ ಒಡೆದಿದ್ದೆ.

ಸರ್ವೋ ಆದ್ರೆ ಮೋಟಾರು ನಿಜವಾಗಿ ಎಲ್ಲಿದೆ ಅಂತ ಎನ್‌ಕೋಡರ್ ಹೇಳುತ್ತಲೇ ಇರುತ್ತದೆ. ತಡೆ ಜಾಸ್ತಿಯಾದ್ರೆ ಅಲಾರಂ ಕೊಟ್ಟು ನಿಲ್ಲುತ್ತದೆ. ಈ ಸ್ಟೆಪ್ಪರಿಗೆ ಹೆಜ್ಜೆ ತಪ್ಪಿದ್ದೇ ಗೊತ್ತಾಗಲ್ಲ, ತಪ್ಪು ಜಾಗದಲ್ಲೇ ಕತ್ತರಿಸುತ್ತಾ ಹೋಗುತ್ತದೆ.

ಮಾರಿದವನಿಗೆ ಫೋನ್ ಮಾಡಿದೆ. "ನಿಮ್ಮ ಮೀನೇ ಸರಿ ಇಲ್ಲ ಸರ್." ಬೆಳಿಗ್ಗೆ ಬೋಟಿನಿಂದ ಇಳಿದ ಮೀನು! ಮತ್ತೆ ಮಾಡಿದೆ. "ಕೊಟೇಶನ್ ನೋಡಿ ಸರ್, 'ಸರ್ವೋ ಟೈಪ್' ಅಂತ ಇದೆ." ತೆಗೆದು ನೋಡಿದೆ. ಇದೆ. ಟೈಪ್ ಅಂತೆ, ಟೈಪ್! ಸೆಟ್ಟಿಂಗ್ ನಾವೇ ನೋಡೋಣ ಅಂದ್ರೆ ಪಿಎಲ್‌ಸಿಗೆ, ಅಂದ್ರೆ ಮಷೀನು ನಡೆಸುವ ಕಂಟ್ರೋಲರಿಗೆ, ಪಾಸ್‌ವರ್ಡ್. "ಕಂಪನಿ ರೂಲ್ಸ್ ಸರ್, ಕೊಡೋಕಾಗಲ್ಲ." ದುಡ್ಡು ತಗೊಳ್ಳುವಾಗ ರೂಲ್ಸ್ ಇರಲಿಲ್ವಾ? ಕೊನೆಗೆ, "ನೀರು ಹಾಕಿ ತೊಳೆದ್ರಾ? ವಾರಂಟಿ ಹೋಯ್ತು." ಮೀನಿನ ಮಷೀನನ್ನು ಮತ್ತೇನು ಹಾಕಿ ತೊಳೀಬೇಕು? ನೋಡಿದ್ರೆ ಮೋಟಾರಿನ ನೀರು ತಡೆಯುವ ರೇಟಿಂಗ್ ಐಪಿ54. ಹನಿ ಚಿಮ್ಮಿದ್ರೆ ತಡೆಯುತ್ತದೆ, ಪೈಪಿನ ಜೋರು ನೀರಿಗಲ್ಲ.

ಕೊಳ್ಳುವವರು ನಿಮ್ಮದೇ ತಾಜಾ ಬೆರಕೆ ಮೀನು ಹಾಕಿ, ಅರ್ಧ ದಿನ ಓಡಿಸಿ ನೋಡಿ. ಕವರ್ ಬಿಚ್ಚಿಸಿ, ಎನ್‌ಕೋಡರ್ ಕೇಬಲ್ ತೋರಿಸು ಅನ್ನಿ. ಮೋಟಾರಿನ ಮಾಡೆಲ್ ನಂಬರ್ ಬಿಲ್ಲಿನಲ್ಲಿ ಬರೆಸಿ, ಪಾಸ್‌ವರ್ಡ್ ಕೈಗೆ ಬರುವವರೆಗೆ ಕೊನೆಯ ಕಂತು ಕೊಡಬೇಡಿ. ನಾನು ಸುಮ್ನೆ ಪೂರ್ತಿ ಕೊಟ್ಟೆ.

ಕೊಟೇಶನ್ ಬೇಕಾದವರಿಗೆ ತೋರಿಸುತ್ತೇನೆ. 'ಟೈಪ್' ಅನ್ನುವುದರ ಮೇಲೆ ಹಳದಿ ಮಾರ್ಕರ್ ಎಳೆದು ಇಟ್ಟಿದ್ದೇನೆ.