ಕಾಲಿನ ದಮ್ಮು, ತೋಳಿನ ದಮ್ಮು: ಸರ್ಫಿಂಗ್ ಮಾಡುವವರಿಗೆ ಯಾವ ಪರೀಕ್ಷೆ?

ಗೋವಾದಲ್ಲಿ ನೆಲೆಸಿರುವ ನಾವು ಮೂವರು ಕನ್ನಡಿಗರು, ಮಳೆಗಾಲ ಮುಗಿದು ಕಡಲು ಹದಕ್ಕೆ ಬಂದ ಮೇಲೆ, ಭಾನುವಾರದ ಬೆಳಗುಗಳನ್ನು ಅಶ್ವೆಂ ತೀರದಲ್ಲೇ ಸರ್ಫಿಂಗ್‌ನಲ್ಲಿ, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯೊಡನೆ ಜಾರುವುದರಲ್ಲಿ, ಕಳೆಯುತ್ತೇವೆ. ಕಳೆದ ಹಂಗಾಮಿನಲ್ಲಿ ನಮ್ಮ ದಮ್ಮು ಎಷ್ಟಿದೆಯೆಂದು ತಿಳಿಯಲು ಮೂರು ದಾರಿ ಹಿಡಿದೆವು: ಹನ್ನೆರಡು ನಿಮಿಷದ ಕೂಪರ್ ಓಟ, ಸ್ಮಾರ್ಟ್‌ವಾಚ್‌ನ ಅಂದಾಜು, ಮತ್ತು ಬೋರ್ಡಿನ ಮೇಲೆ ಬೋರಲು ಮಲಗಿ 400 ಮೀಟರ್ ಪ್ಯಾಡಲ್ ಮಾಡುವುದು, ಅಂದರೆ ಕೈಗಳಿಂದ ನೀರನ್ನು ಎಳೆಯುತ್ತಾ ಮುಂದೆ ಸಾಗುವುದು.

ಕೂಪರ್ ಓಟವನ್ನು ಬಾಂಬೋಳಿಯ ಟ್ರ್ಯಾಕ್‌ನಲ್ಲಿ ಓಡಿದೆವು. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಈ ಪರೀಕ್ಷೆಯಲ್ಲಿ, ಓಡಿದ ಮೀಟರ್‌ಗಳಿಂದ 504.9 ಕಳೆದು 44.73ರಿಂದ ಭಾಗಿಸಿದರೆ, ದೇಹವು ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಗರಿಷ್ಠ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬ ಅಂದಾಜು ಸಿಗುತ್ತದೆ. ನಾನು ಓಡಿದ್ದು 2,350 ಮೀಟರ್, ಅಂದರೆ ಸುಮಾರು 41. ಕಾರವಾರದ ಗೆಳೆಯ ಓಡಿದ್ದು 2,150 ಮೀಟರ್, ಅಂದರೆ 37ರ ಹತ್ತಿರ. ಆದರೆ ನೀರಿಗಿಳಿದರೆ ನಾನು ಒಂದು ಅಲೆ ಹಿಡಿಯುವಷ್ಟರಲ್ಲಿ ಆತ ಮೂರು ಹಿಡಿದಿರುತ್ತಾನೆ.

ಇದೇ ಅಂದಾಜನ್ನು ವಾಚ್ ನನಗೆ 44 ಎಂದು ತೋರಿಸಿತು. ಅದು ಓಟದ ವೇಗ ಮತ್ತು ಹೃದಯ ಬಡಿತದಿಂದ ಕಟ್ಟಿದ ಲೆಕ್ಕವಾದ್ದರಿಂದ ಪ್ಯಾಡಲ್‌ನ ಶ್ರಮ ಅದರೊಳಗೆ ಬರುವುದೇ ಇಲ್ಲ. ನೀರಿನಲ್ಲಂತೂ ಬಡಿತವನ್ನೇ ಅದು ಸರಿಯಾಗಿ ಹಿಡಿಯಲಿಲ್ಲ: ಒಮ್ಮೆ ದಡಕ್ಕೆ ಬಂದು ಕತ್ತಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿದಾಗ 38, ಅಂದರೆ ನಿಮಿಷಕ್ಕೆ 152, ಮಣಿಕಟ್ಟಿನ ಮೇಲೆ ಅದೇ ಹೊತ್ತಿಗೆ ಕಂಡದ್ದು 97.

ಸರ್ಫಿಂಗ್ ಮಾಡುವವರು ನೀರಿನಲ್ಲಿರುವ ಹೊತ್ತಿನ ಸುಮಾರು ಅರ್ಧ ಪ್ಯಾಡಲ್‌ನಲ್ಲೇ ಕಳೆಯುತ್ತದೆ, ಅಲೆಯ ಮೇಲೆ ನಿಲ್ಲುವುದು ನೂರರಲ್ಲಿ ಹತ್ತು ಪಾಲೂ ಇಲ್ಲ ಎಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ನನ್ನ ಮಟ್ಟಿಗೆ ಮೂರನೆಯ ಪರೀಕ್ಷೆಯೇ ಮೇಲು. ಈಜುಕೊಳದಲ್ಲಿ, ಕಾಲು ಜಾರದಂತೆ ಬೋರ್ಡಿಗೆ ಬಳಿಯುವ ಮೇಣಕ್ಕೆ ಹೆದರಿ ನಮಗೆ ಅನುಮತಿ ಕೊಡಲಿಲ್ಲ. ಹಾಗಾಗಿ ಶಿವೋಲಿಯ ಬಳಿ ಶಾಪೋರಾ ನದಿಯಲ್ಲಿ 50 ಮೀಟರ್ ಅಂತರದಲ್ಲಿ ಎರಡು ತೇಲುವ ಗುರುತುಗಳನ್ನು ನಿಲ್ಲಿಸಿ, ಒಬ್ಬರನ್ನು ದಡದಲ್ಲಿ ಕಾವಲಿಗಿಟ್ಟು, ನಾಲ್ಕು ಸಲ ಹೋಗಿಬಂದೆವು. ನನಗೆ 6 ನಿಮಿಷ 40 ಸೆಕೆಂಡು ಹಿಡಿಯಿತು, ಗೆಳೆಯನಿಗೆ 5 ನಿಮಿಷ 50 ಸೆಕೆಂಡು. ಮೊದಲ 50 ಮೀಟರಿಗೆ 44 ಸೆಕೆಂಡು ತೆಗೆದುಕೊಂಡ ನಾನು ಕೊನೆಯದಕ್ಕೆ 56 ತೆಗೆದುಕೊಂಡೆ. ಉಸಿರು ಇನ್ನೂ ಇತ್ತು, ಆದರೆ ಹೆಗಲು ಕಲ್ಲಾಗಿ, ಕೈ ನೀರನ್ನು ಎಳೆಯದೆ ಬರೀ ಸವರುತ್ತಿತ್ತು. ಓಟದ ಯಾವ ಅಂಕಿಯೂ ನನಗೆ ಇದನ್ನು ಹೇಳಿರಲಿಲ್ಲ.

ಈ ಪ್ಯಾಡಲ್ ಪರೀಕ್ಷೆಯ ದೊಡ್ಡ ತೊಡಕು ನದಿಯ ಸೆಳೆತ. ಹೋಗುವಾಗ ಎಳೆದದ್ದು ಬರುವಾಗ ತಳ್ಳುತ್ತದೆ, ಲೆಕ್ಕ ಸರಿಹೋಗುತ್ತದೆ ಎಂದು ನಾವು ಮೊದಲು ನಂಬಿದ್ದೆವು. ಅದು ತಪ್ಪು: ಸೆಕೆಂಡಿಗೆ 1 ಮೀಟರ್ ಸಾಗುವವನಿಗೆ 0.3 ಮೀಟರ್ ಸೆಳೆತವಿದ್ದರೆ 400 ಸೆಕೆಂಡಿನ ದಾರಿ ಸುಮಾರು 440 ಆಗುತ್ತದೆ, ಏಕೆಂದರೆ ಎದುರು ಸೆಳೆತದಲ್ಲಿ ಆತ ಹೆಚ್ಚು ಹೊತ್ತು ಇರುತ್ತಾನೆ. ಆದ್ದರಿಂದ ಈಗ ಕಡಲಿನ ಭರತ ನಿಂತು ಇಳಿತ ಶುರುವಾಗುವ ಮೊದಲು, ಸೆಳೆತ ಇಲ್ಲದಂತಿರುವ ಆ ಸ್ವಲ್ಪ ಹೊತ್ತಿನಲ್ಲೇ ಅಳೆಯುತ್ತೇವೆ, ಅದೂ ಎಂಟು ಅಡಿಯ ಅದೇ ಒಂದು ಫೋಮ್ ಬೋರ್ಡಿನ ಮೇಲೆ. ಬೋರ್ಡಿನ ಉದ್ದ, ತೇಲುವಿಕೆ ಬದಲಾದರೆ ವೇಗವೂ ಬದಲಾಗುತ್ತದೆ. ಓಟವನ್ನು ಬಿಟ್ಟಿಲ್ಲ, ವರ್ಷಕ್ಕೆ ಎರಡು ಸಲ ಸಾಕು ಎಂದುಕೊಂಡಿದ್ದೇವೆ.