20 ಬೈಟಿನ ಬ್ಯಾಕಪ್: ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವ) ಕೆಲಸಕ್ಕೆ ಹೊಸದಾಗಿ ಸೇರುವವರು ಓದಿ

"ಬ್ಯಾಕಪ್ ಐತಿಲ್ಲೋ ತಮ್ಮಾ?"
"ದಿನಾ ರಾತ್ರಿ ಆಗ್ತೈತ್ರಿ."

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಈ ಮಾತು ನಡೆಯುವ ಹೊತ್ತಿಗೆ ಡೇಟಾಬೇಸಿನ ಲೆಕ್ಕದ ಟೇಬಲ್ ಖಾಲಿಯಾಗಿತ್ತು. ಹುಬ್ಬಳ್ಳಿಯಲ್ಲಿ ಕೋರ್ಸ್ ಮುಗಿಸಿ ಆಗಷ್ಟೇ ಸೇರಿದ್ದ ಹುಡುಗ ಒಬ್ಬ ರೈತರ ತಪ್ಪು ಪಟ್ಟಿ (ಮಾರಾಟದ ಬಿಲ್ಲು) ತೆಗೆಯಲು ಹೋಗಿ, ಡಿಲೀಟ್ ಕಮಾಂಡಿಗೆ 'ವೇರ್' (ಯಾವ ಸಾಲು ಎಂಬ ಷರತ್ತು) ಹಾಕುವುದನ್ನು ಮರೆತಿದ್ದ. ಅಂಗಡಿಯ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯೂಎಲ್‌ನಲ್ಲಿ ಆಟೋಕಮಿಟ್ (ಪ್ರತಿ ಬದಲಾವಣೆಯನ್ನೂ ಕೂಡಲೇ ಖಾಯಂ ಮಾಡುವುದು) ತಾನಾಗಿಯೇ ಆನ್ ಇರುತ್ತದೆ. ಎಂಟರ್ ಒತ್ತಿದ ಮೇಲೆ ರೋಲ್‌ಬ್ಯಾಕ್ ಕೊಟ್ಟರೂ ಏನೂ ವಾಪಸ್ ಬರುವುದಿಲ್ಲ.

ಬ್ಯಾಕಪ್ ಫೋಲ್ಡರಿನಲ್ಲಿ ದಿನಕ್ಕೊಂದು ಫೈಲ್, ತಾರೀಖೂ ಸರಿ. ಗಾತ್ರ ಮಾತ್ರ ಎಲ್ಲದರದ್ದೂ 20 ಬೈಟ್.

ಕಾರಣ ಸಣ್ಣದು. ಡೇಟಾಬೇಸ್ ಯೂಸರಿನ ಪಾಸ್‌ವರ್ಡ್ ಹಿಂದೆಯೇ ಬದಲಾಗಿತ್ತು, ಸ್ಕ್ರಿಪ್ಟಿನಲ್ಲಿ ಹಳೆಯದೇ ಉಳಿದಿತ್ತು. ಬ್ಯಾಕಪ್ ತೆಗೆಯುವ ಪ್ರೋಗ್ರಾಮ್ ಮೈಎಸ್‌ಕ್ಯೂಎಲ್‌ಡಂಪ್ ದಿನವೂ ಲಾಗಿನ್ ಆಗದೆ ಸಾಯುತ್ತಿತ್ತು. ಅದರ ಔಟ್‌ಪುಟ್ ಪೈಪ್ (ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಜೋಡಣೆ) ಮೂಲಕ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಹೋಗುತ್ತಿತ್ತಲ್ಲ, ಜಿಜಿಪ್ ಖಾಲಿ ಇನ್‌ಪುಟ್ಟನ್ನೇ ಅಚ್ಚುಕಟ್ಟಾಗಿ ಕಟ್ಟಿಡುತ್ತಿತ್ತು. ಆ ಖಾಲಿ ಗಂಟಿನ ತೂಕವೇ 20 ಬೈಟ್. ಕಮಾಂಡುಗಳನ್ನು ಓಡಿಸುವ ಶೆಲ್, ಪೈಪಿನ ಕೊನೆಯ ಕಮಾಂಡಿನ ಫಲಿತಾಂಶವನ್ನಷ್ಟೇ ನೋಡುತ್ತದೆ, ಹೀಗಾಗಿ 'ಬ್ಯಾಕಪ್ ಆಯಿತು' ಎಂಬ ಮೆಸೇಜ್ ತಪ್ಪದೆ ಬರುತ್ತಿತ್ತು. ಬ್ಯಾಶ್ (ಅಂಥ ಒಂದು ಶೆಲ್) ಸ್ಕ್ರಿಪ್ಟಿನ ಮೇಲ್ಗಡೆ, ಪೈಪಿನ ಯಾವ ಕಮಾಂಡ್ ಸೋತರೂ ಸೋಲೆಂದೇ ಹೇಳುವ 'ಪೈಪ್‌ಫೇಲ್' ಆಪ್ಷನ್ ಸೆಟ್ ಮಾಡಿದ್ದರೆ ಮೊದಲ ರಾತ್ರಿಯೇ ಗುಟ್ಟು ಹೊರಬೀಳುತ್ತಿತ್ತು.

ಮೈಎಸ್‌ಕ್ಯೂಎಲ್ ಸರ್ವರ್ 5.7 ಆವೃತ್ತಿಯದ್ದು. ಅದರಲ್ಲಿ ಬೈನರಿ ಲಾಗ್ (ಡೇಟಾದ ಬದಲಾವಣೆಗಳ ದಾಖಲೆ) ನಾವಾಗಿ ಆನ್ ಮಾಡಬೇಕು, ಮಾಡಿರಲಿಲ್ಲ. 8.0ರಲ್ಲಾದರೆ ಅದು ಮೊದಲಿನಿಂದಲೇ ಆನ್, 30 ದಿನದ ಲಾಗ್ ಉಳಿಯುತ್ತದೆ, ಅಳಿಸಿದ ಸಾಲುಗಳೂ ಅದರೊಳಗೆ ಸಿಗುತ್ತವೆ. ಇಲ್ಲಿ ಕೊನೆಗೆ ಪಟ್ಟಿಗಳ ಕಾರ್ಬನ್ ಪ್ರತಿ ಹರವಿಕೊಂಡು ಮತ್ತೆ ಟೈಪ್ ಮಾಡಿದರು.

ಹುಡುಗನೊಬ್ಬನನ್ನೇ ಬೈಯುವುದು ಸರಿಯಲ್ಲ. ಇನ್‌ಸ್ಟಾಲ್, ಯೂಸರ್, ಗ್ರಾಂಟ್ (ಅನುಮತಿ ಕೊಡುವುದು) ಕಲಿಸಿ ಕೋರ್ಸ್ ಮುಗಿಸುವ ಕ್ಲಾಸುಗಳು ನಮ್ಮ ಕಡೆ ಇವೆ. ಫೀ ಕಟ್ಟುವ ಮುಂಚೆ ಒಂದೇ ಪ್ರಶ್ನೆ ಕೇಳಿ: ರಿಸ್ಟೋರ್ (ಬ್ಯಾಕಪ್ಪಿನಿಂದ ಡೇಟಾ ಮರಳಿ ತರುವುದು) ಅನ್ನು ನನ್ನ ಕೈಯಿಂದ ಎಷ್ಟು ಸಲ ಮಾಡಿಸುತ್ತೀರಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಬೇರೆ ಮಶೀನಿನಲ್ಲಿ ರಿಸ್ಟೋರ್ ಮಾಡಿ, ದೊಡ್ಡ ಟೇಬಲ್‌ಗಳ ಸಾಲು ಎಣಿಸಿ, ಎಷ್ಟು ನಿಮಿಷ ಹಿಡಿಯಿತೆಂದು ಬರೆದಿಡಿ. ಡಂಪ್ ಫೈಲಿನ ಕೊನೆಯ ಸಾಲಿನಲ್ಲಿ 'ಡಂಪ್ ಕಂಪ್ಲೀಟೆಡ್' ಇರಬೇಕು. ಡಿಸ್ಕ್ ತುಂಬಿ ನಡುವೆಯೇ ನಿಂತದ್ದು ಅಲ್ಲೇ ಗೊತ್ತಾಗುತ್ತದೆ. ಟ್ರಿಗರ್‌ಗಳು (ಟೇಬಲ್ ಬದಲಾದಾಗ ತಾವಾಗಿ ಓಡುವ ಕೋಡ್) ಡಂಪಿನಲ್ಲಿ ತಾವಾಗಿ ಬರುತ್ತವೆ, ಸ್ಟೋರ್ಡ್ ಪ್ರೊಸೀಜರ್ (ಡೇಟಾಬೇಸಿನಲ್ಲೇ ಉಳಿಸಿಟ್ಟ ಕೋಡ್) ಮತ್ತು ಇವೆಂಟ್‌ಗಳು (ಹೊತ್ತು ಗೊತ್ತುಮಾಡಿದ ಕೆಲಸ) ಬರುವುದಿಲ್ಲ. 'ರೂಟೀನ್ಸ್', 'ಇವೆಂಟ್ಸ್' ಆಪ್ಷನ್ ಕೊಡಬೇಕು. ಕ್ರಾನ್‌ಟ್ಯಾಬ್ (ಗೊತ್ತಾದ ಹೊತ್ತಿಗೆ ಓಡಬೇಕಾದ ಕಮಾಂಡುಗಳ ಪಟ್ಟಿ) ಸಾಲಿನಲ್ಲಿ ತಾರೀಖಿಗೆಂದು ಶೇಕಡಾ ಚಿಹ್ನೆ ಬರೆದರೆ ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಆ ಚಿಹ್ನೆಗಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ.

ಡಿಲೀಟ್ ಮಾಡುವ ಮುಂಚೆ ಅದೇ 'ವೇರ್' ಇಟ್ಟು ಸೆಲೆಕ್ಟ್ (ಸಾಲುಗಳನ್ನು ತೋರಿಸುವ ಕಮಾಂಡ್) ಓಡಿಸಿ, ಟ್ರಾನ್ಸಾಕ್ಷನ್ (ಕಮಿಟ್ ಕೊಡುವವರೆಗೆ ಖಾಯಂ ಆಗದ ಬದಲಾವಣೆಗಳ ಗುಂಪು) ಶುರು ಮಾಡಿ, ಎಷ್ಟು ಸಾಲು ಹೋದವೆಂದು ನೋಡಿಯೇ ಕಮಿಟ್ ಕೊಡಿ. ಕ್ಲೈಂಟನ್ನು (ಕಮಾಂಡ್ ಟೈಪ್ ಮಾಡುವ ಮೈಎಸ್‌ಕ್ಯೂಎಲ್ ಪ್ರೋಗ್ರಾಮ್) 'ಸೇಫ್ ಅಪ್‌ಡೇಟ್ಸ್' ಆಪ್ಷನ್ನಿನೊಂದಿಗೆ ತೆರೆದರೆ 'ವೇರ್' ಇಲ್ಲದ ಡಿಲೀಟನ್ನು ಅದೇ ತಡೆಯುತ್ತದೆ. (ಅದರ ಇನ್ನೊಂದು ಅಧಿಕೃತ ಹೆಸರು 'ಐ ಆಮ್ ಎ ಡಮ್ಮಿ'. ನಾಚಿಕೆ ಬೇಡ.) ಆಗ ಸೆಲೆಕ್ಟ್ ಕೂಡ 1000 ಸಾಲಿಗೇ ನಿಲ್ಲುತ್ತದೆ, ಉಳಿದ ಡೇಟಾ ಹೋಯಿತೆಂದು ಗಾಬರಿಯಾಗಿ ರಾತ್ರೋರಾತ್ರಿ ಮಾಲೀಕರಿಗೆ ಫೋನ್ ಮಾಡಬೇಡಿ.