ಕದ್ರಿ ಹತ್ತಿರದ ಮೂರು ದಿನದ ಧ್ಯಾನ ಶಿಬಿರ: ಉಸಿರು ಸಾಕು, ಕಿಟ್ ಬೇಡ

ಮಂಗಳೂರಿನ ಕದ್ರಿ ಹತ್ತಿರ ಒಂದು ಧ್ಯಾನ ಕೇಂದ್ರ. ಶುಕ್ರವಾರದಿಂದ ಭಾನುವಾರದ ತನಕ, ದಿನಕ್ಕೆ ಮೂರು ಗಂಟೆ, 3,500 ರೂಪಾಯಿ. ಹೆಸರು ಬರೆಯುವುದಿಲ್ಲ, ಜಗಳ ಬೇಡ. ನಾನು ಲೆಕ್ಕ ಬರೆಯುವವಳು. ಜಿಎಸ್‌ಟಿ ರಿಟರ್ನ್ ಕಟ್ಟುವ ವಾರ ರಾತ್ರಿ ನಿದ್ದೆಯೇ ಇರುವುದಿಲ್ಲ, ಅದಕ್ಕೇ ಸೇರಿದ್ದು. ಅಮ್ಮ ಮಾತ್ರ, "ಮನೆಯಲ್ಲಿ ದೀಪ ಹಚ್ಚಿ ಹತ್ತು ನಿಮಿಷ ಕೂತ್ರೆ ಆಗುದಿಲ್ವಾ? ಅದಕ್ಕೂ ದುಡ್ಡು ಕೊಡ್ಬೇಕಾ ಮಾರಾಯ್ತಿ?" ಅಂದರು.

ಕಲಿಸಿದ್ದು ಒಂದೇ. ಮೂಗಿನ ತುದಿಯಲ್ಲಿ ಉಸಿರು ಬರುವುದು, ಹೋಗುವುದು ನೋಡಿ, ಬೇರೇನೂ ಮಾಡಬೇಡಿ. ಮೊದಲ ದಿನ ಐದೇ ನಿಮಿಷಕ್ಕೆ ಎಡಗಾಲು ಜೋಮು ಹಿಡಿಯಿತು. ಎಸಿ ಗಾಳಿ ನೇರ ನನ್ನ ನೆತ್ತಿಗೆ. ಉಸಿರು ಎಲ್ಲೋ ಹೋಗಿ ಯಾರದೋ ಬಾಕಿ ಬಿಲ್ ನೆನಪಾಯಿತು. ಎರಡನೇ ದಿನ ಏನಾಯಿತೋ ಗೊತ್ತಿಲ್ಲ, ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ ಅಂತ ತಿಳಿಯಿತು. ನಲವತ್ತೆಂಟು ವರ್ಷ ಉಸಿರಾಡಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ! ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇನ್ನು ತಕರಾರು. "ಇದು ಬುದ್ಧ ಹೇಳಿದ ಆನಾಪಾನ, ಅಂದ್ರೆ ಉಸಿರು ಗಮನಿಸುವ ಧ್ಯಾನ ಅಲ್ವಾ?" ಅಂತ ಕೇಳಿದೆ. ಕಲಿಸುವವರು ನಕ್ಕು, "ನಮ್ಮಲ್ಲಿ ಧರ್ಮ ಇಲ್ಲ ಮೇಡಂ, ಇದು ಶುದ್ಧ ವಿಜ್ಞಾನ" ಅಂದರು. ಸರಿ, ಒಪ್ಪಿದೆ. ಕೊನೆಯ ದಿನ ಅದೇ ಬಾಯಲ್ಲಿ "ಸಾವಿರಾರು ವರ್ಷದ ಋಷಿಗಳ ರಹಸ್ಯ" ಅಂತ ಶುರುಮಾಡಿ 1,800 ರೂಪಾಯಿಯ ಕಿಟ್ ಮುಂದಿಟ್ಟರು. ಕೋಲಿನಿಂದ ಉಜ್ಜಿದರೆ ಗುಂಯ್ ಅನ್ನುವ ಕಂಚಿನ ಬಟ್ಟಲು, ಊದುಬತ್ತಿ, ಆರು ತಿಂಗಳ ಆ್ಯಪ್. ಧ್ಯಾನ ಗುರು ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ವಿಪಸ್ಸನ (ಬೌದ್ಧ ಧ್ಯಾನ) ಶಿಬಿರದಲ್ಲಿ ಹತ್ತು ದಿನದ ಊಟ, ವಸತಿಗೂ ಶುಲ್ಕ ಇಲ್ಲ. ಮುಗಿದ ಮೇಲೆ ಇಷ್ಟವಿದ್ದಷ್ಟು ದಾನ ಕೊಡಬಹುದು. ಇದನ್ನು ಹೇಳಿದ್ದಕ್ಕೆ ಅವರಿಗೆ ನಗು ಬರಲಿಲ್ಲ.

ಭಾನುವಾರ ಮುಗಿಸಿ ಸುಮ್ನೆ ಕದ್ರಿ ದೇವಸ್ಥಾನಕ್ಕೆ ಹೋದೆ. ಚಿಕ್ಕಂದಿನಿಂದ ಹೋಗುವ ಜಾಗ. ಆದರೆ ಬೌದ್ಧರ ಅವಲೋಕಿತೇಶ್ವರ ಅಂತ ಹಲವರು ಗುರುತಿಸುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ನಿಂತು ನೋಡಿದ್ದು ಅವತ್ತೇ. ಮೂರು ಮುಖ, ಆರು ಕೈ. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಅಂತ ಪೀಠದ ಶಾಸನ ಹೇಳುತ್ತದೆ. ಇಲ್ಲಿ ಮೊದಲು ಬೌದ್ಧರಿದ್ದರು ಅನ್ನುವುದಕ್ಕೆ ಇತಿಹಾಸಕಾರರು ಆ ವಿಹಾರ (ಬೌದ್ಧ ಭಿಕ್ಷುಗಳ ಮಠ) ಅನ್ನುವ ಮಾತನ್ನೇ ತೋರಿಸುತ್ತಾರೆ. ಈಗ ಇಲ್ಲಿ ಮಂಜುನಾಥ, ಮೇಲೆ ಗುಡ್ಡದಲ್ಲಿ ಶೈವ ಯೋಗಿಗಳ ನಾಥಪಂಥದ ಜೋಗಿ ಮಠ. ಇಷ್ಟೆಲ್ಲ ಬದಲಾದರೂ ಲೋಕೇಶ್ವರನನ್ನು ಯಾರೂ ಹೊರಗೆ ಹಾಕಲಿಲ್ಲ. ಶಿಬಿರದವರು ಬುದ್ಧನ ಹೆಸರು ಹೇಳಲಿಕ್ಕೂ ಹೆದರಿದ್ದು ನೆನಪಾಯಿತು.

ಹಳೇ ಧರ್ಮ ಈ ಕಾಲದವರಿಗೆ ಆಗಿಬರುತ್ತದಾ ಅಂತ ಶಿಬಿರದಲ್ಲಿ ಒಬ್ಬ ಹುಡುಗ ಕೇಳಿದ್ದ. ನನಗಂತೂ ಆಗಿಬಂತು. ಬೆಳಿಗ್ಗೆ ಅಡುಗೆಮನೆಯಲ್ಲಿ ಮಣೆ ಹಾಕಿ ಕೂರುತ್ತೇನೆ, ಕುಕ್ಕರ್ ಕೂಗುವ ತನಕ.

ಕಲಿಸಿದ್ದಕ್ಕೆ ಐದಕ್ಕೆ ನಾಲ್ಕು, ವ್ಯಾಪಾರಕ್ಕೆ ಒಂದು. ಮಂಡಿ ನೋವಿದ್ದವರು ಮೊದಲೇ ಕುರ್ಚಿ ಕೇಳಿ, ಅಲ್ಲಿರುವುದು ನಾಲ್ಕೇ.